ಡಬ್ಬಕ್ಕೆ ಕಾಲಿಲ್ಲ

ಕೊಕ್ಕರೆ ಬೆಳ್ಳೂರು
೧೧ ಆಗಸ್ಟ್ ೨೦೧೨, ಶನಿವಾರ

ಸೌಮ್ಯನ ಅಪ್ಪನವರಿಗೆ ಪಟ್ಟಲಮ್ಮ ಮಾಡುವ ನಮಸ್ಕಾರಗಳು.

ಇವತ್ತು ಶ್ರಾವಣದ ಕಡೇ ಶನಿವಾರ. ಒಪ್ಪತ್ತು ಇದ್ದೇನೆ. ಕೊಟ್ಟಿಗೆ ಬಾಚಿ, ಹಾಲು ಕರೆದು ಡೈರಿಗೆ ಹಾಕಿ, ತಲೆಗೆ ನೀರು ಹುಯ್ದುಕೊಂಡು, ದೇವರಿಗೆ ತುಳಸಿ ಏರಿಸಿ, ತಂಬಿಟ್ಟಿನ ಆರತಿ ಮಾಡಿ ಆಯಿತು. ಸಂಜೆಯವರೆಗೆ ಹೊಟ್ಟೆಗೂ ಕೆಲಸವಿಲ್ಲ, ಕೈಗೂ ಇಲ್ಲ. ಅದಕ್ಕೇ ಕಾಗದ ಹಿಡಿದೆ. ಫೋನಿನಲ್ಲಿ ಮಾತಾಡಬಹುದಿತ್ತು. ಫೋನಾದರೆ ನೀವು ನಡುವೆ ಬಾಯಿ ಹಾಕುತ್ತೀರಿ. ಕಾಗದಕ್ಕೆ ಆ ಕಾಟವಿಲ್ಲ.

ನಿಮ್ಮ ಅಕ್ಕ ಚಿಕ್ಕಬೋರಮ್ಮನವರು ಗುರುವಾರ ಫೋನು ಮಾಡಿ ನಿಮ್ಮ ಷರತ್ತು ತಿಳಿಸಿದರು. ಆ ಇಂಗ್ಲಿಷು ಸಿಡಿಗಳ ಡಬ್ಬವನ್ನೂ ಅವನ್ನು ಓಡಿಸುವ ಯಂತ್ರವನ್ನೂ ನನ್ನ ತಮ್ಮ ಅಶೋಕನಿಗೆ ವಾಪಸು ಕೊಡಬೇಕು. ನಿಮ್ಮ ಹೆಡ್‌ಮಾಸ್ಟರ ಮುಂದೆ ನಿಂತು ತಪ್ಪಾಯಿತು ಅನ್ನಬೇಕು. ಆಗ ಮಾತ್ರ ನೀವು ಮಳವಳ್ಳಿಯ ಅಕ್ಕನ ಮನೆ ಬಿಟ್ಟು ಬರುವುದು, ಇಲ್ಲದಿದ್ದರೆ ಗೌರಿ ಹಬ್ಬಕ್ಕೂ ಬರುವುದಿಲ್ಲ. ಸರಿ. ನನ್ನ ಉತ್ತರ ಚಿಕ್ಕದು. ಕೊಡುವುದಿಲ್ಲ. ಅನ್ನುವುದಿಲ್ಲ.

ಆ ಭಾನುವಾರ ನಡೆದದ್ದನ್ನು ಅಕ್ಕನಿಗೆ ನೀವು ಬೇರೆ ಥರ ಹೇಳಿದ್ದೀರಂತೆ. ಅದಕ್ಕೆ ನಡೆದ ಹಾಗೇ ಬರೆಯುತ್ತೇನೆ. ಮಧ್ಯಾಹ್ನದ ಪಾತ್ರೆ ತೊಳೆದು ಟಿ.ವಿ. ಮುಂದೆ ಕೂತಿದ್ದೆ. ಆರು ಸಿಡಿಗಳ ಕಥೆಯಲ್ಲಿ ಐದನೆಯದು ಮುಗಿಯುತ್ತಾ ಬಂದಿತ್ತು. ಊರು ಉಳಿಸಲು ಹೊರಟ ಆ ಪೊಲೀಸಿನವನು ನೆಲಮಾಳಿಗೆಯಲ್ಲಿ ಬಾಂಬಿನ ಮುಂದೆ ಮಂಡಿಯೂರಿದ್ದ. ಪಕ್ಕದಲ್ಲಿ ಗಡಿಯಾರದ ಅಂಕಿ ಒಂದೊಂದೇ ಇಳಿಯುತ್ತಿತ್ತು. ಆಗ ನೀವು ಹೆಡ್‌ಮಾಸ್ಟರನ್ನು ಕರೆದುಕೊಂಡು ಬಂದಿರಿ. "ಟೀ ಇಡೇ, ಸಾಹೇಬ್ರು ಬಂದವ್ರೆ" ಎಂದಿರಿ. ನಾನು "ಒಂದ್ ಗಳಿಗೆ ತಡೀರಿ, ತಂತಿ ಕತ್ತರಿಸ್ತಾವ್ನೆ" ಎಂದೆ. ಹೆಡ್‌ಮಾಸ್ಟರು ನಕ್ಕರು. ಒಳ್ಳೆಯ ನಗುವೇ ಅದು, "ನೋಡ್ಲಿ ಬಿಡಿ ಮೇಷ್ಟ್ರೇ, ಟೀ ಎಲ್ಲೋಯ್ತದೆ" ಅಂತಲೂ ಅಂದರು. ನಿಮಗೆ ಮಾತ್ರ ಅವಮಾನವಾಯಿತು. ಹೋಗಿ ಗೋಡೆಯಿಂದ ಕರೆಂಟಿನ ವೈರನ್ನೇ ಕಿತ್ತುಬಿಟ್ಟಿರಿ.

ನಾನು ಆಗ "ಅವ್ನು ಯಾವ ತಂತಿ ಅಂತ ಯೋಚ್ನೆ ಮಾಡ್ತಿದ್ದ, ನೀವು ಯೋಚ್ನೆನೇ ಮಾಡ್ದೆ ಕಿತ್ರಲ್ಲ" ಎಂದೆ. ಅಂದದ್ದು ನಿಜ. ನೀವು "ಈ ಮನೇಲಿ ಆ ಡಬ್ಬ ಇರ್ಬೇಕು, ಇಲ್ಲ ನಾನಿರ್ಬೇಕು" ಎಂದಿರಿ. ನಾನು "ಡಬ್ಬಕ್ಕೆ ಕಾಲಿಲ್ಲ" ಎಂದೆ. ಅಷ್ಟೇ. ಹೋಗಿ ಅಂತ ನಾನು ಅನ್ನಲಿಲ್ಲ. ಕಾಲಿದ್ದವರು ಹೋದಿರಿ.

ಶ್ರಾವಣದಲ್ಲಿ, ಅದೂ ಉಪವಾಸ ಇರುವ ಹೆಂಗಸು, ಗುಂಡು ರಕ್ತ ನೋಡಬಹುದಾ ಅಂತ ಅಕ್ಕನ ಕೈಲಿ ಕೇಳಿಸಿದ್ದೀರಿ. ಮದ್ದೂರಿನ ಉಗ್ರನರಸಿಂಹಸ್ವಾಮಿಗೆ ಮದುವೆಯಾದ ವರ್ಷದಿಂದ ನಾವಿಬ್ಬರೂ ಜೊತೆಯಲ್ಲಿ ಕೈಮುಗಿದಿದ್ದೇವೆ. ಸ್ವಾಮಿಯ ತೊಡೆಯ ಮೇಲೆ ಏನು ನಡೆಯುತ್ತಿದೆ ಅಂತ ಒಂದು ಸಲವಾದರೂ ಕಣ್ಣು ಬಿಟ್ಟು ನೋಡಿದ್ದೀರಾ? ನಾನು ನೋಡಿದ್ದೇನೆ. ಹಗಲು ಸಾಯಬಾರದು, ಇರುಳು ಸಾಯಬಾರದು ಅಂತ ಆ ರಕ್ಕಸ ವರ ಬೇಡಿಕೊಂಡಿದ್ದ. ಸ್ವಾಮಿಗೆ ಸಿಕ್ಕಿದ್ದು ಹೊತ್ತು ಮುಳುಗುವ ಆ ಒಂದು ಗಳಿಗೆ. ಅದು ಕಳೆದಿದ್ದರೆ ಕತ್ತಲಾಗುತ್ತಿತ್ತು, ಪ್ರಹ್ಲಾದ ಹೋಗುತ್ತಿದ್ದ. ನಮ್ಮ ದೇವರೂ ಗಡಿಯಾರ ನೋಡಿಯೇ ಕಂಬ ಒಡೆದವನು. ಈ ಕಥೆ ನನಗೆ ಹೊಸದಲ್ಲ.

ಇಂಗ್ಲಿಷು ಬಾರದವಳಿಗೆ ಏನು ಅರ್ಥವಾಗುತ್ತದೆ ಅಂತ ಇನ್ನೊಂದು ಪ್ರಶ್ನೆ. ಸಂಸ್ಕೃತ ಬಾರದೆ ಇಷ್ಟು ವರ್ಷ ಪೂಜಾರಿಯ ಮಂತ್ರ ಕೇಳಿದ್ದೇನೆ. ಆಗ ನೀವು ಕೇಳಲಿಲ್ಲ. ಮುಖ ನೋಡಿದರೆ ತಿಳಿಯುತ್ತದೆ. ಆಫೀಸಿನಲ್ಲೇ ಕೂತು ಕಳ್ಳರಿಗೆ ಸುದ್ದಿ ಕೊಡುವ ಆ ನಗುಮುಖದವಳನ್ನು ನಾನು ಎರಡನೆಯ ಸಿಡಿಯಲ್ಲೇ ಹಿಡಿದೆ. ಸತ್ತವನ ಹೆಂಡತಿಯನ್ನು ತಬ್ಬಿಕೊಂಡಾಗ ಅವಳ ಕಣ್ಣು ಬಾಗಿಲ ಕಡೆಗಿತ್ತು. ಇಂಥ ತಬ್ಬುವಿಕೆ ನಮ್ಮ ನೆಂಟರಲ್ಲೂ ಉಂಟು.

ಆ ಪೊಲೀಸಿನವನಿಗೆ ನಾನು ಇಟ್ಟಿರುವ ಹೆಸರು ಹಸಿದವನು. ಬೆಳಿಗ್ಗೆ ಮನೆ ಬಿಟ್ಟವನು ಐದು ಸಿಡಿ ಮುಗಿದರೂ ಒಂದು ತುತ್ತು ಉಂಡಿಲ್ಲ. ಒಂದು ಕಡೆ ಯಾರೋ ಬನ್ನು ಕೊಟ್ಟರು, ಅಷ್ಟರಲ್ಲಿ ಫೋನು ಬಂತು, ಬನ್ನು ಕಾರಿನ ಮೇಲೇ ಉಳಿಯಿತು. ಒಪ್ಪತ್ತು ಮಾಡುವ ಹೆಂಗಸಿಗೆ ಇದು ಕಾಣದೆ ಇರುತ್ತದಾ? ಅವನದ್ದೂ ಒಂದು ವ್ರತವೇ. ಹೊತ್ತು ಮುಳುಗುವುದರೊಳಗೆ ಕೆಲಸ ಮುಗಿಯಬೇಕು, ಆಮೇಲೆ ಊಟ.

ಧಾರಾವಾಹಿ ನೋಡಬಾರದಾ ಎಂದಿರಿ. ಅದರಲ್ಲಿ ಅತ್ತೆ ಒಂದು ಸಲ ಕತ್ತು ತಿರುಗಿಸಲು ಸೋಮವಾರದಿಂದ ಶುಕ್ರವಾರ ಬೇಕು. ಅಷ್ಟು ನಿಧಾನ ನನಗೆ ನಮ್ಮ ಮನೆಯಲ್ಲೇ ಸಿಕ್ಕಿದೆ.

ಈಗ ನಿಜವಾದ ಮಾತಿಗೆ ಬರುತ್ತೇನೆ. ನಿಮ್ಮ ಬಾಯಲ್ಲಿ ಒಂದು ಮಾತಿದೆ, "ನೋಡೋಣ". ಬಚ್ಚಲಿನ ಸೂರು ಸೋರುತ್ತದೆ ಎಂದರೆ ನೋಡೋಣ. ತಿರುಪತಿಗೆ ಹರಕೆ ಇದೆ ಎಂದರೆ ನೋಡೋಣ. ಸೌಮ್ಯ ಬಿ.ಎಡ್. ಓದುತ್ತೀನಿ ಎಂದಾಗಲೂ ನೋಡೋಣ ಎಂದಿರಿ. ನೀವು ನೋಡುತ್ತಿದ್ದ ಹಾಗೆಯೇ ಅವಳಿಗೆ ಮದುವೆಯಾಯಿತು. ನೀವು ಕೆಟ್ಟವರಲ್ಲ. ಬೇಡ ಎಂದು ಒಂದು ದಿನವೂ ಅಂದವರಲ್ಲ. ಬೇಡ ಎಂದಿದ್ದರೆ ಜಗಳವಾದರೂ ಆಡುತ್ತಿದ್ದೆ.

ಯಲಿಯೂರಿನಿಂದ ಅವ್ವನಿಗೆ ಉಸಿರು ಹಿಡಿದಿದೆ ಅಂತ ಅಶೋಕ ಫೋನು ಮಾಡಿದ ದಿನ ನೆನಪಿದೆಯಾ? ನಾನು ಸೀರೆ ಬದಲಿಸಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಮದ್ದೂರಿಗೆ ಕಡೇ ಬಸ್ಸು ಇನ್ನೂ ಇತ್ತು. ನೀವು "ಬೆಳಿಗ್ಗೆ ನೋಡೋಣ ಬಿಡು" ಎಂದಿರಿ. ಬೆಳಿಗ್ಗೆ ಹೋಗಿ ನೋಡಿದೆವು. ಮುಖ ನೋಡಿದೆವು. "ಪಟ್ಟ ಬಂದ್ಲಾ, ಪಟ್ಟ ಬಂದ್ಲಾ" ಅಂತ ಕೇಳುತ್ತಲೇ ಇದ್ದಳಂತೆ. ಇದನ್ನು ನಾನು ನಿಮಗೆ ಇಲ್ಲಿಯವರೆಗೆ ಹೇಳಿರಲಿಲ್ಲ. ಹೇಳಿದರೆ ನೀವು ಊಟ ಬಿಡುತ್ತಿದ್ದಿರಿ ಅಂತ ಗೊತ್ತು.

ಈ ಸಿಡಿಯಲ್ಲಿ ಒಬ್ಬ ಮನುಷ್ಯ ಇದ್ದಾನೆ. ಅವನು ಯಾವತ್ತೂ ನೋಡೋಣ ಅನ್ನುವುದಿಲ್ಲ. ಫೋನು ಬಂದರೆ ಎದ್ದು ಓಡುತ್ತಾನೆ. ದಾರಿ ಕಟ್ಟಿದರೆ ಇಳಿದು ಓಡುತ್ತಾನೆ. ಗಡಿಯಾರ ಮುಗಿಯುವ ಮುಂಚೆ ಹೋಗಿ ತಲುಪುತ್ತಾನೆ. ಅವನು ಬಾಗಿಲು ತಳ್ಳಿಕೊಂಡು ಒಳಗೆ ಹೋದಾಗಲೆಲ್ಲ ನನಗೆ ಕಣ್ಣಲ್ಲಿ ನೀರು ಬರುತ್ತದೆ. ಬಾಂಬು ಕಂಡು ಅಲ್ಲ, ತಲುಪಿದನಲ್ಲ ಅಂತ. ಇದನ್ನು ಬಿಟ್ಟುಬಿಡು ಅಂತ ಹೇಳುತ್ತೀರಿ. ಬಿಡುವುದಿಲ್ಲ. ನನ್ನ ಪೂಜೆ ತಪ್ಪಿಲ್ಲ, ಹಸು ಹಸಿದಿಲ್ಲ, ಮನೆ ಕಸ ನಿಂತಿಲ್ಲ. ತಪ್ಪಾಯಿತು ಅನ್ನುವುದಕ್ಕೆ ನಾನು ಮಾಡಿರುವ ತಪ್ಪು ಯಾವುದು ಅಂತ ನನಗೇ ಸಿಗುತ್ತಿಲ್ಲ.

ಹೆಡ್‌ಮಾಸ್ಟರನ್ನು ಕರೆದುಕೊಂಡು ಬನ್ನಿ. ಟೀ ಏನು, ಮುದ್ದೆ ಉಪ್ಸಾರು ಮಾಡಿ ಊಟವನ್ನೇ ಬಡಿಸುತ್ತೇನೆ. ಬರುವ ಹೊತ್ತನ್ನು ಮೊದಲೇ ಹೇಳಿ ಬನ್ನಿ, ಅಷ್ಟೇ ನಾನು ಕೇಳುವುದು. ಹಬ್ಬಕ್ಕೆ ಸೌಮ್ಯ ಬರುತ್ತಾಳೆ. ಅಪ್ಪ ಎಲ್ಲಿ ಅಂತ ಕೇಳಿದರೆ ಟಿ.ವಿ. ಜೊತೆ ಜಗಳವಾಡಿಕೊಂಡು ಹೋದರು ಅಂತ ಹೇಳಬೇಕಾಗುತ್ತದೆ. ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ನಮ್ಮೂರ ಹುಣಸೆಮರದ ಕೊಕ್ಕರೆಗಳೂ ಹೋಗಿವೆ. ಅವು ಷರತ್ತು ಹಾಕಿ ಹೋದವಲ್ಲ, ಯಾರೂ ಕರೆಯದೆಯೇ ಬರುತ್ತವೆ.

ಕುರಿ ವ್ಯಾಪಾರದ ಮರಿಸಿದ್ದಯ್ಯ ನಾಳೆ ಟಗರು ತರಲು ಮಳವಳ್ಳಿ ಮೇಲೆ ಬಂಡೂರಿಗೆ ಹೋಗುತ್ತಾನೆ. ಅವನ ಕೈಲಿ ಈ ಕಾಗದ, ನಿಮ್ಮ ಬನಿಯನ್ನು, ಎರಡು ಪಂಚೆ, ಹುರುಳಿ ಚಟ್ನಿಪುಡಿ ಕಳಿಸಿದ್ದೇನೆ. ಅಕ್ಕನವರ ಸಾರಿಗೆ ಉಪ್ಪು ಜಾಸ್ತಿ, ನಿಮ್ಮ ಬಿ.ಪಿ.ಗೆ ಆಗದು. ಮರಿಸಿದ್ದಯ್ಯ ಮಂಗಳವಾರ ಮಳವಳ್ಳಿ ಮೇಲೇ ವಾಪಸು ಬರುತ್ತಾನೆ. "ಮೇಷ್ಟ್ರು ಬರ್ದು ಕೊಡೋಗಂಟ ಬಾಗ್ಲಲ್ಲೇ ನಿಂತಿರು, ಕುರಿ ಅರಚ್ಕಂಡ್ರೂ ಜಗ್ಗಬ್ಯಾಡ" ಅಂತ ಹೇಳಿದ್ದೇನೆ. ನಿಮ್ಮ ಉತ್ತರವನ್ನು ಅವನ ಕೈಗೇ ಕೊಟ್ಟು ಕಳಿಸಿ. ನೋಡೋಣ ಅಂತ ಮಾತ್ರ ಬರೆಯಬೇಡಿ.

ಇಂತಿ,
ನೀವು ತಾಳಿ ಕಟ್ಟಿದ, ಇನ್ನೂ ಬಗ್ಗದ,
ಪಟ್ಟಲಮ್ಮ

ಮರೆತ ಮಾತು: ಡಬ್ಬಕ್ಕೆ ಕಾಲಿಲ್ಲ ಎಂದಿದ್ದೆ. ಆರನೆಯ ಸಿಡಿಗೆ ಕಾಲು ಬಂದಿದೆ. ನೀವು ಹೋದ ಮೇಲೆ ಡಬ್ಬ ತೆಗೆದರೆ ಆ ಜಾಗ ಖಾಲಿ. ನನಗೆ ಕೊನೆ ಸಿಗಬಾರದು ಅಂತ ಹೊಟ್ಟೆಕಿಚ್ಚಿಗೆ ಒಯ್ದಿದ್ದೀರಿ ಎಂದುಕೊಂಡು ಎರಡು ದಿನ ನಿಮ್ಮನ್ನು ಬೈದೆ. ಆದರೆ ಗುರುವಾರ ಫೋನು ಇಡುವ ಮುಂಚೆ ಅಕ್ಕ ಒಂದು ಮಾತು ಅಂದರು: "ನಿನ್ ಗಂಡ ದಿನಾ ಸಂಜೆ ನಮ್ ಹುಡ್ಗನ ಕಂಪ್ಯೂಟ್ರು ಇಟ್ಕಂಡು ಕದ ಹಾಕ್ಕತಾನೆ ಕಣಮ್ಮ. ಪರೀಕ್ಷೆ ಪೇಪರ್ ತಿದ್ದತೀನಿ ಅಂತಾನೆ. ಒಳಗಿಂದ ಢಂ ಢಂ ಅಂತ ಗುಂಡಿನ ಸದ್ದು ಬತ್ತದೆ. ಅದ್ಯಾವ ಪರೀಕ್ಷೆನೋ ಕಾಣೆ." ಬನಿಯನ್ನು ಮರೆತವರು ಆ ಸಿಡಿಯನ್ನು ಮರೆಯಲಿಲ್ಲ. ನೀರು ಕಾದಿದೆಯಾ ಅಂತ ಕೇಳಲು ಬಂದು, ಟವೆಲು ಹೆಗಲಿಗೆ ಹಾಕಿಕೊಂಡು ನನ್ನ ಹಿಂದೆ ಬಾಗಿಲಲ್ಲೇ ನಿಂತಿರುತ್ತಿದ್ದಿರಲ್ಲ, ಅದೂ ನನಗೆ ಗೊತ್ತಿತ್ತು. ಗೊತ್ತಿದ್ದೇ ನೀರಿನ ಒಲೆ ಸಣ್ಣಗೆ ಉರಿಸುತ್ತಿದ್ದೆ. ಹಸಿದವನು ಕೊನೆಗೆ ಉಂಡನಾ ಇಲ್ಲವಾ ಅಂತ ಕಾಗದದಲ್ಲಿ ಬರೆಯಬೇಡಿ. ಸಿಡಿಯನ್ನು ಮರಿಸಿದ್ದಯ್ಯನ ಕೈಗೆ ಕೊಡಬೇಡಿ, ಕುರಿ ತುಳಿದಾವು. ನೀವೇ ತೆಗೆದುಕೊಂಡು ಬನ್ನಿ. ಪಕ್ಕದಲ್ಲಿ ಕೂತು ಅವರ ಇಂಗ್ಲಿಷನ್ನು ನನಗೆ ಕನ್ನಡದಲ್ಲಿ ಹೇಳಿ. ನೋಡೋಣ.