ಹೂಜಿಯ ಪಕ್ಕದ ಮೊಗ್ಗು

೭ ಮಾರ್ಚ್ ೧೯೫೬, ಬುಧವಾರ

ಕಿಟಕಿಯ ಕುಂಡದಲ್ಲಿ ಹಿಮಾಲಯದ ಗಿಡ ಒಂದು ಹೂ ಬಿಟ್ಟಿದೆ. ಸಂತೋಷಪಡುವ ಹಾಗಿಲ್ಲ. ಇದರ ಜೋಡಿ ಗಿಡ ಬಿಸಿಲಿಗೆ ಸಾಯದಿರಲೆಂದು ನಾನೇ ಅದನ್ನು ನೀರಿನ ಹೂಜಿಯ ಪಕ್ಕ ತಂಪಿನಲ್ಲಿಟ್ಟಿದ್ದೆ. ಅದಿನ್ನೂ ಹಸಿರು ಮೊಗ್ಗು. ಒಂದರ ಪರಾಗ ಇನ್ನೊಂದಕ್ಕೆ ಸೇರದೆ ಬೀಜ ಕಟ್ಟುವುದಿಲ್ಲ. ಬೆಟ್ಟದ ಮೇಲಾಗಿದ್ದರೆ ಹಿಮ ಕರಗಿದೊಡನೆ ಎರಡೂ ಒಟ್ಟಿಗೆ ಅರಳುತ್ತಿದ್ದವು. ಈ ಸೆಕೆಯಲ್ಲಿ ಇದು ನಾಳೆ ಸಂಜೆಗೇ ಬಾಡುತ್ತದೆ. ಸಸ್ಯಶಾಸ್ತ್ರ ಪಾಠ ಹೇಳುವವನ ಬುದ್ಧಿ ಇಷ್ಟು!

ಬೆಳಿಗ್ಗೆ ಪಕ್ಕದ ಮನೆಯ ವಸಂತಮ್ಮ ಹೂವಿನ ತಟ್ಟೆ ಹಿಡಿದು ಬಂದು, "ಒಂದೇ ಒಂದು ಬುಟ್ಟದಲ್ರೀ ಮೇಷ್ಟ್ರೇ, ದೇವ್ರಿಗೆ ಕಿತ್ಕೊಳ್ಲಾ?" ಎಂದರು.

"ಇವತ್ತೊಂದು ದಿನ ಇರ್ಲಿ ವಸಂತಮ್ಮ, ನಾಳೆ ಬನ್ನಿ" ಎಂದೆ.

ಮೊಗ್ಗು ನಾಳೆಗೆ ಬಿರಿಯುವುದಿಲ್ಲ ಎಂದು ಗೊತ್ತು. ಆದರೂ ನಾನೊಬ್ಬನೇ ಇರುವ ಈ ಮನೆಯ ಬಾಗಿಲನ್ನು ನಾಳೆ ಯಾರೋ ಒಬ್ಬರು ತಟ್ಟುತ್ತಾರಲ್ಲ.