ಶನಿವಾರದ ಕರೆಗೆ ಒಬ್ಬ ದುಭಾಷಿ

ಫೆಬ್ರವರಿ 8, ಶನಿವಾರ

ಬೆಳಗ್ಗೆ ಮತ್ತೆ ವಿಡಿಯೋ ಕರೆ. ಆಫೀಸಿನ ಹಿಂದಿನ ಕೋಣೆ. ಲ್ಯಾಪ್‌ಟಾಪ್ ಕೆಳಗೆ ಎರಡು ದಪ್ಪ ಕಾನೂನು ಪುಸ್ತಕ. ನಾವೆಲ್ಲ ‘ಸಲೂನ್ ಅಪ್ಪ’ ಅನ್ನುವ ಕಕ್ಷಿದಾರರು ಅಂಗಡಿಗೆ ಬೀಗ ಹಾಕಿ ಬಂದಿದ್ದರು. ಕಾಲರ್ ಮೇಲೆ ಯಾರದೋ ಕೂದಲು.

ವಿಚ್ಛೇದನದ ನಂತರ ಮಗಳು ತಾಯಿಯ ಜೊತೆ ಬೇರೆ ದೇಶದಲ್ಲಿ. ತಾಯಿ ಅಲ್ಲಿ ನರ್ಸ್. ಮಗುವಿಗೆ ಏಳು ವರ್ಷ. ಹೋಗುವ ತನಕ ಅವಳ ಕೂದಲು ಕತ್ತರಿಸುತ್ತಿದ್ದವರು ಇವರೇ.

ಅಲ್ಲಿನ ಕೋರ್ಟಿನ ಷರತ್ತು: ಕರೆಯ ಮೇಲೆ ಕಣ್ಣಿಡಲು ಅವರು ನೇಮಿಸಿದ ಮೇಲ್ವಿಚಾರಕಿಗೆ ಅರ್ಥವಾಗುವ ಭಾಷೆಯಲ್ಲೇ ಮಾತು. ಅಂದರೆ ಇಂಗ್ಲಿಷ್. ಇವರಿಗೆ ಬಾರದು. ಮೈಕ್ ಆಫ್ ಮಾಡಿ ನನಗೆ ಹೇಳುತ್ತಾರೆ, ನಾನು ಮಗುವಿಗೆ ಹೇಳುತ್ತೇನೆ. ವಕೀಲೆಯೂ ನಾನೇ, ಅಪ್ಪನ ದನಿಯೂ ನಾನೇ.

“ಎಡಗಡೆ ಕೂದ್ಲು ಒಂದು ಬೆರಳು ಜಾಸ್ತಿ ಉದ್ದ ಇದೆ. ಯಾವ ಪುಣ್ಯಾತ್ಮ ಕತ್ತರಿಸಿದ್ದು, ಕೇಳಿ ಮೇಡಂ.”

ಕೇಳಿದೆ. ಅಮ್ಮ, ಎಂದಳು.

“ಹಂಗಾದ್ರೆ ಚೆನ್ನಾಗಿದೆ ಅನ್ನಿ.”

ಮಾರ್ಚ್ 1, ಶನಿವಾರ

ಮಗು ಈಗ ನನ್ನ ಮುಖ ನೋಡಿಯೇ ಮಾತಾಡುತ್ತಾಳೆ. ಅಪ್ಪ ಪಕ್ಕದಲ್ಲಿ ಕೂತ ಯಾರೋ ದೂರದ ನೆಂಟರ ಹಾಗೆ.

ಹೊರಡುವಾಗ ಅಂದರು, “ನೀವು ಎಲ್ಲಾ ಹೇಳ್ತೀರಿ. ‘ಪುಟ್ಟಿ’ ಅನ್ನೋದೊಂದು ಬಿಟ್ಬಿಡ್ತೀರಿ.”

ನಿಜ. ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನಲಿ...

ಏಪ್ರಿಲ್ 22

ರಜೆಗೆ ಮಗಳನ್ನು ಕಳಿಸಿ ಎಂದು ನಾವು ಹಾಕಿದ್ದ ಅರ್ಜಿಗೆ ತಾಯಿಯ ಕಡೆಯ ಆಕ್ಷೇಪಣೆ ಬಂತು. ಮಗುವನ್ನು ತಂದೆಯ ಬಳಿ ಕಳಿಸಲಾಗದು. ಕಾರಣ — ತಂದೆಯ ಭಾಷೆ ಮಗುವಿಗೆ ತಿಳಿಯುವುದಿಲ್ಲ.

ಇಂಗ್ಲಿಷ್ ಮಾತ್ರ ಎಂಬ ಷರತ್ತು ಕೇಳಿ ಹಾಕಿಸಿಕೊಂಡವರು ಅವರೇ!

ಆಫೀಸಿನ ಸೀನಿಯರ್ ವಕೀಲರು ನನ್ನ ಮುಖ ನೋಡಿದರು. “ಕೋಪ ಬಂತಾ? ಬರ್ಲಿ. ಅದನ್ನ ಪಕ್ಕಕ್ಕಿಟ್ಟು ಅರ್ಜಿ ಬರ್ಕೊಂಡು ಬಾರಮ್ಮ.”

ಬರೆದೆ. ಒಂದು ಕರೆಯಾದರೂ ಅಪ್ಪನ ಭಾಷೆಯಲ್ಲಿ ನಡೆಯಲಿ. ತಿಳಿಯುತ್ತದೋ ಇಲ್ಲವೋ ಆಗ ಕೋರ್ಟೇ ನೋಡಲಿ.

ಮೇ 27

ಒಪ್ಪಿಗೆ ಸಿಕ್ಕಿತು. ಒಂದೇ ಕರೆ. ಕೈಸನ್ನೆ ಮಾಡುವಂತಿಲ್ಲ. ಮೇಲ್ವಿಚಾರಕಿಯ ವರದಿಯ ಮೇಲೆ ರಜೆಯ ತೀರ್ಮಾನ.

“ಮರ್ತೇ ಹೋಗಿದ್ರೆ, ಮೇಡಂ?”

ಕರೆಯ ಸಮಯವನ್ನು ಚೀಟಿಯಲ್ಲಿ ಬರೆದುಕೊಟ್ಟೆ.

ಮೇ 31, ಶನಿವಾರ, ಮಧ್ಯಾಹ್ನ

ಹೊಸ ಅಂಗಿ ಹಾಕಿಕೊಂಡು ಬಂದಿದ್ದರು. ಎರಡೂ ಕೈ ಮೇಜಿನ ಮೇಲೆ, ಅಲುಗದಂತೆ. ನಾನು ಕುರ್ಚಿಯನ್ನು ಕ್ಯಾಮೆರಾದಿಂದ ಆಚೆ ಸರಿಸಿಕೊಂಡೆ.

ಸ್ಕೂಲಿನ ವಿಷಯ ಕೇಳಿದರು. ಮಗು ಸುಮ್ಮನೆ. ಹಲ್ಲು ಬಿತ್ತಾ ಅಂದರು. ನನ್ನನ್ನು ಹುಡುಕುತ್ತಾ ಸ್ಕ್ರೀನಿನ ಅಂಚು ನೋಡಿದಳು. ಮೇಲ್ವಿಚಾರಕಿ ಏನೋ ಗುರುತು ಹಾಕಿಕೊಂಡರು.

ಮುಗಿಯಿತು ಅಂದುಕೊಂಡೆ. ಆಮೇಲೆ ಇವರು, ಅಂಗಡಿಯಲ್ಲಿ ಕೆಲಸದ ನಡುವೆ ಹೇಳುವ ಹಾಗೆ, ಮೆಲ್ಲಗೆ —

“ಪುಟ್ಟೀ, ಕಿವಿ ಮುಚ್ಕೋ.”

ಮಗು ತಲೆ ಬಗ್ಗಿಸಿದಳು. ಎಡಗಿವಿಯನ್ನು ಮಡಚಿ, ಅಂಗೈಯಿಂದ ಒತ್ತಿ ಹಿಡಿದಳು.

ಏನಂದರು ಎಂದು ಮೇಲ್ವಿಚಾರಕಿ ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ, ತಲೆ ಎತ್ತದೆ, ಮಗುವೇ ಅವರಿಗೆ ಇಂಗ್ಲಿಷಿನಲ್ಲಿ ಹೇಳಿದಳು: ಕಿವಿ ಮುಚ್ಚಿಕೋ ಅಂದರು, ಅಪ್ಪನ ಕತ್ತರಿ ತಾಗಬಾರದಲ್ಲ, ಅಲ್ಲಾಡಿದರೆ...