ಅಣ್ಣನ ಕೈಗೆ ಸಿಗೋ ಹಾಗೆ

11-7-94, ಸೋಮವಾರ

ಅಂಗಡಿ ತೆಗೆದೆ. ಬಿಂಡಿಗನವಿಲೆಯವರು ಮಾಡೋಕೆ ಕೊಟ್ಟ ಬಾಗಿಲು ಇನ್ನೂ ಅರ್ಧ ಆಗಿದೆ. ಲಕ್ಷ್ಮಣಣ್ಣ ಸಾಣೆಕಲ್ಲಿಗೆ ತಡಕಾಡ್ತಿದ್ದ — ಕಾಲ ಹತ್ರಾನೇ ಇತ್ತು. ಶುಗರ್ ಕಣ್ಣಿಗೆ ಹತ್ತಿದೆ, ದೃಷ್ಟಿ ವಾಪಸ್ ಬರಲ್ಲ ಅಂತ ಮೈಸೂರು ಡಾಕ್ಟ್ರು ಹೇಳಿದ ಮೇಲೆ ಮರ ಕೆತ್ತೋ ಬಾಚಿ ಹಿಡಿದಿಲ್ಲ. ಉಳಿ ಮಸೆಯೋದೊಂದೇ ಉಳಿದಿರೋದು. ನನಗೆ ಕೆಲಸ ಕಲಿಸಿದ ಕೈ...

17-7, ಭಾನುವಾರ

ಗೋಡೆಗೆ ಹಲಗೆ ಹೊಡೆದೆ. ಎಡಕ್ಕೆ ಒರಟು ಕಲ್ಲು, ಪಕ್ಕ ನಯದ್ದು, ಆಮೇಲೆ ಎಣ್ಣೆ ಡಬ್ಬ. ಕಬ್ಬಿಣ ಉಜ್ಜೋ ಅರಗಳಿಗೆ ಒಂದೊಂದು ತೂತು. ಮೊಂಡಾದ ಉಳಿ ಕೆಳಗಿನ ಗೂಡಿಗೆ, ಹಿಡಿ ಹೊರಗೆ. ಅಣ್ಣ ಎಲ್ಲಾ ಮುಟ್ಟಿ ಮುಟ್ಟಿ ನೋಡಿದ.

"ಯಾವ್ದೂ ಜಾಗ ಬದಲಾಯಿಸ್ಬ್ಯಾಡ ಕಣ್ಲಾ ಶಿವಾ."

"ಇಲ್ಲ ಕಣಣ್ಣ."

ನಕ್ಕ. ಎಷ್ಟು ದಿನ ಆಗಿತ್ತು.

30-8

ನಾಗಮಂಗಲದ ಬೇರೆ ಬಡಗಿಗಳೂ ಅಣ್ಣನ ಹತ್ರ ಉಳಿ ತರ್ತಾವ್ರೆ. ಖುಷಿಯಾಗವ್ನೆ. ನಾಗಲಕ್ಷ್ಮಮ್ಮತ್ತಿಗೆಗೆ ಮಾತ್ರ ಸಮಾಧಾನ ಇಲ್ಲ. "ಕಾಲಲ್ಲಿರೋ ಚಪ್ಲಿ ಬಿದ್ದೋದ್ರೂ ಗೊತ್ತಾಗಾಕಿಲ್ಲ ಇವ್ರಿಗೆ. ಈಗ ಕೈನೂ ಜೋಮು ಅಂತಾರೆ" ಅಂದ್ರು.

6-12, ಮಂಗಳವಾರ

ಮಧ್ಯಾಹ್ನ. ನಾನು ಕಿಟಕಿ ಚೌಕಟ್ಟು ಕೂಡಿಸ್ತಿದ್ದೆ. ಹಿಂದುಗಡೆ ಅಣ್ಣ ಮಸೀತಿದ್ದ.

"ಎಣ್ಣೆ ಜಾಸ್ತಿ ಆಯ್ತೇನ್ಲಾ? ಉಳಿ ಜಾರ್ತದೆ."

ತಿರುಗಿದೆ. ಎಣ್ಣೆ ಅಲ್ಲ. ಹೆಬ್ಬೆರಳು ಕುಯ್ದು ಹೋಗಿದೆ, ಕಲ್ಲೆಲ್ಲಾ ಕೆಂಪು. ಮಸೀತಾನೇ ಇದಾನೆ. ಓಡಿ ಕೈ ಹಿಡ್ಕೊಂಡೆ.

"ಯಾಕ್ಲಾ?"

"ರಕ್ತ ಅಣ್ಣಾ."

"ಯಾರ್ದ್ಲಾ?"

ಆಸ್ಪತ್ರೇಲಿ ಹೊಲಿಗೆ ಹಾಕಿದ್ರು. ಸೂಜಿ ಚುಚ್ಚಿದ್ದೂ ಗೊತ್ತಾಗಲಿಲ್ಲ ಅವನಿಗೆ.

9-12

ಅತ್ತಿಗೆ ಹೆಗಲು ಹಿಡ್ಕೊಂಡು ಅಂಗಡಿಗೆ ಬಂದ. ಕೂರಲಿಲ್ಲ.

"ಎಲ್ಲಾ ತೆಗೆದಿಟ್ಬುಡ್ಲಾ. ಕಣ್ಣೋದ್ರೂ ಬೆರಳು ಅವೆ ಅನ್ಕಂಡಿದ್ದೆ."

ಅತ್ತಿಗೆ ಬಾಯಿಗೆ ಸೆರಗು ಒತ್ಕೊಂಡ್ರು. ನಾನು ಗೋಣಿಚೀಲ ತಂದೆ.

"ಅಂಗೇ ತುಂಬಬ್ಯಾಡ. ಕಲ್ಗೆ ಕಲ್ ತಾಗಿದ್ರೆ ಚಕ್ಕೆ ಏಳ್ತದೆ. ಬಟ್ಟೆ ಸುತ್ತು. ಅರಕ್ಕೆ ಎಣ್ಣೆ ಸವರು, ತುಕ್ಕು ಇಡ್ದಾತು."

ಅವನು ಹೇಳಿದ ಹಾಗೇ ಮಾಡಿದೆ. ಅಟ್ಟಕ್ಕೆ ಏರಿಸೋವರೆಗೂ ನಿಂತೇ ಇದ್ದ.

12-12, ಸೋಮವಾರ, ಅಂಗಡಿಯಲ್ಲಿ

ಬೆಳಿಗ್ಗೆ ಹೊರಟಾಗ ಅಣ್ಣ ಸ್ನಾನ ಮಾಡಿ, ಶರ್ಟು ತೊಟ್ಟು ಜಗಲೀಲಿ ಕೂತಿದ್ದ. ಹೆಜ್ಜೆ ಸದ್ದಿಗೆ ಎದ್ದು ನಿಂತ.

"ನಾನೂ ಬತ್ತೀನಿ ಕಣ್ಲಾ. ಏನೂ ಮುಟ್ಟಾಕಿಲ್ಲ. ನೀನ್ ಕೆಲ್ಸ ಮಾಡೋದ್ ಕೇಳ್ಕಂಡು ಕೂತ್ಕತೀನಿ."

ಕೈ ಹಿಡಿದು ಕರ್ಕೊಂಡು ಬಂದೆ. ಈಗ ಮೂಲೇಲಿ ಕೂತಿದಾನೆ. ನನ್ನ ಉಳಿ ಮೊಂಡಾಗಿದೆ. ಅಟ್ಟದಿಂದ ಕಲ್ಲು ಇಳಿಸಿ ಅವನೆದುರಿಗೆ ಮಸೆಯೋಕೆ ಮನಸ್ಸು ಬರ್ತಿಲ್ಲ. ಮೊಂಡು ಉಳೀಲೇ ಹೊಡೀತಿದೀನಿ. ಸದ್ದಲ್ಲೇ ಗೊತ್ತಾಗಿರುತ್ತೆ ಅವನಿಗೆ. ತಲೆ ತಗ್ಗಿಸಿ, ಒಂದೊಂದು ಏಟಿಗೂ ಕಿವಿ ಕೊಟ್ಟು ಕೂತಿದಾನೆ.